ಪೆದ್ದಕ್ಕನ ಕಾಫಿಬೀಜ

ಶಿವಲಕ್ಷ್ಮಮ್ಮನ ಕಾಫಿಯನ್ನು ಕಲ್ಯಾಣದುರ್ಗದಲ್ಲಿ ಹೊಗಳಿದವರು ಯಾರೂ ಇರಲಿಲ್ಲ. ಅಂಗಡಿಯಿಂದ ತಂದ ಪುಡಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತು ಮಂಕಾಗಿರುತ್ತಿತ್ತು. ಅದನ್ನು ಬೆಲ್ಲದ ನೀರಿಗೆ ಸುರಿದು ಕೊತಕೊತ ಕುದಿಸುತ್ತಿದ್ದಳು. ಮಾವ ಪಾಪಯ್ಯ ಏನೂ ಅನ್ನದೆ ಕುಡಿಯುತ್ತಿದ್ದ. ಗಂಡ ಕೊಂಡಪ್ಪ ಮಾತ್ರ ಈಚೆಗೆ ಎರಡು ವರ್ಷದಿಂದ ಅರ್ಧ ಲೋಟ ಬಿಟ್ಟು ಎದ್ದುಬಿಡುತ್ತಿದ್ದ. ಹುಣಸೆಹಣ್ಣಿನ ವ್ಯಾಪಾರಕ್ಕೆಂದು ತಿಂಗಳಿಗೆರಡು ಸಲ ಹಿಂದೂಪುರಕ್ಕೆ ಹೋಗಿಬರುವವನು.

"ಅಲ್ಲಿ ಕುಡಿದ್ಮೇಲೆ ಇದು ಗಂಟಲಾಗೆ ಇಳಿಯಲ್ಲ ಕಣೆ" ಅನ್ನುವನು. ಅಲ್ಲಿ ಎಂದರೆ ಎಲ್ಲಿ ಎಂದು ಕೇಳಿದರೆ, "ಯಾವ್ದೋ ಹೋಟ್ಲು" ಎಂದು ಮುಖ ತಿರುಗಿಸುವನು.

ಸಾವಿರದ ಒಂಬೈನೂರ ಐವತ್ತೊಂಬತ್ತರ ಬೇಸಿಗೆಯಲ್ಲಿ ಹಿಂದೂಪುರದ ತಂಗಿ ವರಲಕ್ಷ್ಮಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಹಣ್ಣು ಬಡಿಯುವ ಕಾಲವಾದ್ದರಿಂದ ಕೊಂಡಪ್ಪ ಬರಲಾಗಲಿಲ್ಲ. ಮಗಳನ್ನೂ ಮಗನನ್ನೂ ಮನೆಯಲ್ಲೇ ಬಿಟ್ಟು ಶಿವಲಕ್ಷ್ಮಮ್ಮ ಒಬ್ಬಳೇ ಬಸ್ಸು ಹತ್ತಿದಳು. ಶಾಸ್ತ್ರ ಮುಗಿದ ಮಾರನೆಯ ದಿನ ತಂಗಿಯನ್ನು ಕೇಳಿದಳು, ಈ ಊರಲ್ಲಿ ಒಳ್ಳೆ ಕಾಫಿಯ ಹೋಟೆಲು ಯಾವುದೆಂದು.

"ಹೋಟ್ಲು ಯಾಕಕ್ಕ? ಇಲ್ಲಿ ಕಾಫಿ ಅಂದ್ರೆ ಪೆದ್ದಕ್ಕನ ಬೀಜ. ತೆಲುಗಿನೋರು ದೊಡ್ಡಕ್ಕನ್ನ ಹಂಗೇ ಕರೆಯೋದು. ಅವತ್ತು ಹುರಿದಿದ್ದನ್ನ ಅವತ್ತೇ ಮಾರ್ತಾಳೆ. ಸಂತೆ ಬೀದಿ ಹಿಂದೆ ಹೋಗು, ವಾಸನೇನೇ ದಾರಿ ತೋರಿಸ್ತದೆ."

ಹಾಗೇ ಆಯಿತು. ತಗ್ಗು ಬಾಗಿಲಿನ ಒಂದು ಮನೆಯೊಳಗೆ ಮುದುಕಿಯೊಬ್ಬಳು ಒಲೆಯ ಮೇಲೆ ಕಬ್ಬಿಣದ ಬಾಣಲಿಯಿಟ್ಟು ಮರದ ಸೌಟಿನಿಂದ ಬೀಜ ತಿರುವುತ್ತಿದ್ದಳು. "ಎವರಮ್ಮಾ? ಲೋಪಲಿಕಿ ರಾ" ಎಂದು ತೆಲುಗಿನಲ್ಲಿ ಒಳಗೆ ಕರೆದವಳು, ಇವಳ ಮಾತು ಕೇಳಿ ತಾನೂ ಕನ್ನಡಕ್ಕೆ ಹೊರಳಿದಳು. ಮನೆಯಲ್ಲಿ ಕಾಫಿ ಯಾಕೆ ಕೆಡುತ್ತದೆ ಎಂದು ಶಿವಲಕ್ಷ್ಮಮ್ಮ ಕೇಳಿದ್ದೇ ತಡ, ಮುದುಕಿಗೆ ಹುರುಪು ಬಂತು.

"ವಾರಕ್ಕಾಗೋವಷ್ಟೇ ಹುರೀಬೇಕು, ಆ ಹೊತ್ತಿಗಾಗೋವಷ್ಟೇ ಪುಡಿ ಮಾಡ್ಬೇಕು. ಬೀಜ ಚಟಚಟ ಅನ್ನೋವಾಗ ಕಿವಿ ಕೊಟ್ಟು ಕೇಳು. ಸದ್ದು ನಿಂತು ಬಣ್ಣ ತಿರುಗ್ತಲೇ ಮೊರಕ್ಕೆ ಸುರಿದ್ಬುಡು. ಬಾಣಲೀಲೇ ಬಿಟ್ರೆ ತನ್ನ ಬಿಸಿಗೆ ತಾನೇ ಸೀದೋಗ್ತದೆ. ಆಮೇಲೆ ಪುಡೀನ ಕುದಿಸ್ಬ್ಯಾಡ ತಾಯಿ. ಕುದಿಯೋ ನೀರು ಮೇಲಿಂದ ಹುಯ್ದು, ಮುಚ್ಚಿಟ್ಟು, ಸುಮ್ಕಿರು."

ಹಾಗೆನ್ನುತ್ತಲೇ ಒಂದು ಲೋಟ ಮಾಡಿಕೊಟ್ಟಳು. ಶಿವಲಕ್ಷ್ಮಮ್ಮ ಒಂದು ಗುಟುಕು ಕುಡಿದು, ಇಷ್ಟು ವರ್ಷ ತಾನು ಕುಡಿದದ್ದೇನು ಎಂದು ಲೋಟವನ್ನೇ ನೋಡಿದಳು.

"ಯಾವೂರಮ್ಮ ನಿಂದು?"

"ಕಲ್ಯಾಣದುರ್ಗ."

ಸೌಟು ನಿಂತಿತು. "ಅಲ್ಲಿ ಯಾರ ಮನೆ?"

ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ಶಿವಲಕ್ಷ್ಮಮ್ಮನಿಗಿರಲಿಲ್ಲ. "ಹುಣಸೆಹಣ್ಣಿನ ಯಾಪಾರ ಮಾಡ್ತಾರೆ. ಈ ಊರಿಗೂ ಬತ್ತಿರ್ತಾರೆ."

"ಕೊಂಡಪ್ಪನ ಹೆಂಡ್ತಿನಾ?"

"ನಿಮಗೆ ಅವರು ಹೆಂಗೆ ಗೊತ್ತು?"

"ಹಡೆದೋಳಿಗೆ ಗೊತ್ತಿರಲ್ವೇನಮ್ಮ. ನಾನು ರಂಗಲಕ್ಷ್ಮಿ. ಅವನ ತಾಯಿ."

ಶಿವಲಕ್ಷ್ಮಮ್ಮನ ಕಣ್ಣು ತಾನಾಗಿ ಮುದುಕಿಯ ಪಾದದ ಕಡೆ ಹೋಯಿತು. ಪಾದ ಮುಂದಕ್ಕೇ ಇತ್ತು. ಹಿಮ್ಮಡಿ ಒಡೆದಿತ್ತು. ಕೂತಿದ್ದ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ರಂಗಲಕ್ಷ್ಮಮ್ಮ ಎಂಬ ಹೆಸರಿಗೆ ಹನ್ನೊಂದು ವರ್ಷದಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ತಾನೇ ಮಡಿಯಲ್ಲಿ ಬೇಯಿಸಿ ಎಡೆ ಇಟ್ಟಿದ್ದಳು. ಕಲಶದ ಮುಂದಿಟ್ಟ ಹೊಸ ಸೀರೆಯನ್ನು ಆಮೇಲೆ ತಾನೇ ಉಡುತ್ತಿದ್ದಳು. ಈಗ ಮೈಮೇಲೆ ಇದ್ದದ್ದು ಹೋದ ವರ್ಷ ಇಟ್ಟ ಸೀರೆ.

"ನಮ್ಮತ್ತೆ ಜ್ವರ ಬಂದು ಸತ್ತೋದ್ರು ಅಂತ..." ಬಾಣಲಿಯ ಬೀಜ ಹೊಗೆಯಾಡಿತು. ಮುದುಕಿ ಅದನ್ನು ಇಳಿಸಲೂ ಇಲ್ಲ.

ಆಮೇಲೆ ಎಲ್ಲ ಹೇಳಿದಳು. ಮಳೆ ಕೈಕೊಟ್ಟ ಒಂದು ವರ್ಷ ಊರಿನ ಹೆಂಗಸರ ಜೊತೆ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಳು. ಆಗ ಕೊಂಡಪ್ಪನಿಗೆ ಐದು ವರ್ಷ. ಹಣ್ಣು ಕಿತ್ತು ಮುಗಿಸಿ ಬಂದಾಗ ಗಂಡ ಹೊಸಿಲ ಮೇಲೆ ಅಡ್ಡ ನಿಂತ.

"ತೋಟದ ಮೇಸ್ತ್ರಿ ಕೂಡ ಇದ್ದೋಳು, ಒಳಗೆ ಬರ್ಬ್ಯಾಡ ಅಂದ್ಬುಟ್ಟ. ಆ ಮೇಸ್ತ್ರಿ ಮುಖಾನೇ ನಾನು ನೆಟ್ಟಗೆ ನೋಡಿರ್ಲಿಲ್ಲ. ತೋಟಕ್ಕೇ ವಾಪಸ್ ಹೋದೆ. ಹುರಿಯೋದು ಕಲ್ತಿದ್ದು ಅಲ್ಲೇ. ವಯಸ್ಸಾದ್ಮೇಲೆ ಈ ಊರಿಗೆ ಬಂದು ಬೀಜ ಮಾರ್ತಾ ಕೂತೆ. ಎರಡು ವರ್ಷದ ಕೆಳಗೆ ಕೊಂಡಪ್ಪ ಬೀಜ ಕೊಳ್ಳಕ್ಕೆ ಬಂದ. ಊರು ಕೇಳ್ದೆ, ಅಪ್ಪನ ಹೆಸರು ಕೇಳ್ದೆ. ಹೇಳ್ದ." ಬಾಣಲಿಯನ್ನು ಇಳಿಸಿಟ್ಟು, "ಎಡೆಗೆ ನನಗೆ ಏನೇನಿಡ್ತೀಯಮ್ಮ?" ಎಂದಳು.

"ವಡೆ, ಒಬ್ಬಟ್ಟು, ಒಂದು ಲೋಟ ಕಾಫಿ."

"ನೀನು ಕುದಿಸಿದ್ದಾ?" ಎಂದು ಮುದುಕಿ ನಕ್ಕಳು. ನಗುನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಹುರಿಯದ ಬೀಜ ಎರಡು ಸೇರು ಕಟ್ಟಿಸಿಕೊಂಡು ಶಿವಲಕ್ಷ್ಮಮ್ಮ ಊರಿಗೆ ಬಂದಳು. ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ ಗಂಡನ ಮುಂದೆ ನಿಂತು, "ಅತ್ತೇನ ನೋಡ್ಕೊಂಡು ಬಂದೆ" ಎಂದಳು. ಚೊಂಬು ಅವನ ಕೈಯಿಂದ ಜಾರಿ ಕಲ್ಲಿನ ಮೇಲೆ ಉರುಳಿತು.

"ಅಪ್ಪನಿಗೆ ಹೇಳ್ಬ್ಯಾಡ" ಎಂದ. "ಅವನ ಬಾಯಿಂದಲೇ ಬರ್ಲಿ ಅಂತ ಕಾಯ್ತಾ ಇದೀನಿ."

"ಗೊತ್ತಿದ್ದೂ ಎರಡು ವರ್ಷ ಎಡೆ ಇಡಿಸಿದ್ರಾ ನನ್ನ ಕೈಲಿ? ಜೀವ ಇರೋರಿಗೆ?"

ಅವನು ಬಗ್ಗಿ ಉರುಳಿದ ಚೊಂಬನ್ನು ಎತ್ತಿಕೊಂಡ. ಅವಳಿಗೆ ಮಾವನ ಸುಳ್ಳಿಗಿಂತ ಗಂಡನ ಎರಡು ವರ್ಷದ ಮೌನವೇ ಹೆಚ್ಚು ಭಯ ಹುಟ್ಟಿಸಿತು. ಒಂದೇ ಸೂರಿನಡಿ ಹನ್ನೊಂದು ವರ್ಷ ಬಾಳಿದ ಇಬ್ಬರು ಗಂಡಸರಲ್ಲಿ ಯಾರನ್ನೂ ತಾನು ಅರಿತಿಲ್ಲ ಅನ್ನಿಸಿತು.

ಬೆಳಿಗ್ಗೆ ಎದ್ದವಳೇ ಬೀಜ ಹುರಿದಳು, ಮೊರದಲ್ಲಿ ಆರಿಸಿದಳು, ಪುಡಿ ಮಾಡಿದಳು. ಕುದಿಯುವ ನೀರು ಹುಯ್ದು ಮುಚ್ಚಿಟ್ಟಳು. ಜಗುಲಿಯ ಮೇಲೆ ಕೂತಿದ್ದ ಪಾಪಯ್ಯನಿಗೆ ಲೋಟ ಕೊಟ್ಟಾಗ ಕೊಂಡಪ್ಪ ಬಾಗಿಲಲ್ಲೇ ಇದ್ದ. ಮುದುಕ ಕುಡಿದು ಹುಬ್ಬೇರಿಸಿದ. "ಏನಮ್ಮ, ಇವತ್ತು ಬ್ಯಾರೆ ಥರ ಐತೆ? ಯಾರು ಹೇಳ್ಕೊಟ್ರು?"

"ಅತ್ತೆ ಹೇಳ್ಕೊಟ್ರು. ಹಿಂದೂಪುರದಾಗೆ ಇದಾರೆ."

ಲೋಟ ವಾಲಿ ಬಿಸಿ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಮುದುಕನಿಗೆ ಅದರ ಅರಿವೇ ಆದಂತೆ ಕಾಣಲಿಲ್ಲ. "ನನ್ನ ವಿಷಯ ಏನಂದ್ಲು?" ಎಂದ.

"ನಡೆದದ್ದು ಹೇಳಿದ್ರು. ಬೈಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಪಾಪಯ್ಯ ಲೋಟ ಕೆಳಗಿಟ್ಟ. ಮಗನ ಕಡೆ ನೋಡದೆ, ನೆಲಕ್ಕೆ ಹೇಳುವಂತೆ ಹೇಳಿದ: "ಊರಿನೋರು ಆಡ್ಕೊಂಡ್ರು, ನಾನು ನಂಬಿದೆ. ನೀನು ಅವ್ವ ಎಲ್ಲಿ ಅಂತ ದಿನಾ ಅಳ್ತಿದ್ದೆ. ತೋಟದಾಗೆ ಜ್ವರ ಬಂದು ಸತ್ತೋದ್ಲು ಅಂತ ನಿನಗೂ ಊರಿಗೂ ಅಂದ್ಬುಟ್ಟೆ. ಆಡಿದ್ಮೇಲೆ ಆ ಮಾತನ್ನ ಹಿಂದಕ್ಕೆ ತಗಳ್ಳಕ್ಕಾಗಲಿಲ್ಲ ಕಣಪ್ಪ."

ಎರಡು ದಿನ ಮುದುಕ ಊಟ ಮಾಡಲಿಲ್ಲ. ಮೂರನೆಯ ದಿನ, ಅವಳನ್ನು ಕರೆದುಕೊಂಡು ಬಾ ಎಂದು ಮಗನನ್ನು ಕಳಿಸಿದ. ಕೊಂಡಪ್ಪ ಒಬ್ಬನೇ ಹಿಂದಿರುಗಿದ. ತಾಯಿ ಹೇಳಿಕಳಿಸಿದ್ದು ಇಷ್ಟೇ: "ಆ ಹೊಸಿಲು ನನಗೆ ಬ್ಯಾಡ. ನಿಮ್ಮಪ್ಪನಿಗೆ ಬರೋ ಮನಸಿದ್ರೆ ಇಲ್ಲಿಗೆ ಬರ್ಲಿ. ಮೊದಲು ನಿನ್ನ ಮಕ್ಕಳನ್ನ ಕಳ್ಸು."

ಪಾಪಯ್ಯ ಹೋಗುವ ಮಾತಾಡಲಿಲ್ಲ. ಶಿವಲಕ್ಷ್ಮಮ್ಮ ಕಾಯಲೂ ಇಲ್ಲ. ಮಾರನೆಯ ದಿನ ಮೊದಲನೆಯ ಬಸ್ಸಿಗೆ ಮಗಳು ಮಗ ಇಬ್ಬರನ್ನೂ ಹತ್ತಿಸಿಕೊಂಡು ಹೊರಟಳು. ಪೆನುಕೊಂಡದ ಹತ್ತಿರ ಮಗಳು ಕೇಳಿದಳು, ಯಾರ ಮನೆಗಮ್ಮ ಎಂದು.

"ನಿಮ್ಮಜ್ಜಿ ಮನೆಗೆ. ನಿಮ್ಮಪ್ಪನ ಅವ್ವ."

ಹುಡುಗಿ ತಾಯಿಯ ಮುಖವನ್ನೇ ದಿಟ್ಟಿಸಿದಳು. "ಅವರು ಸತ್ತೋಗಿದಾರಲ್ಲಮ್ಮ."

"ಇಲ್ಲ ಕಣೆ" ಎಂದು ಅವಳನ್ನು ಹತ್ತಿರಕ್ಕೆಳೆದುಕೊಂಡು, ಶಿವಲಕ್ಷ್ಮಮ್ಮ ಮೊದಲಿನಿಂದ ಹೇಳತೊಡಗಿದಳು.