ಕೊಳಕುಪುಟ್ಟಿಯ ಕುರ್ಚಿಯಲ್ಲಿ ಅಮ್ಮ

ಹಲ್ಲಿನ ಡಾಕ್ಟರಮ್ಮನಿಗೆ ಆರು ವರ್ಷದ ಮಗಳಿದ್ದಳು, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಗೂದಲೂ ಇಣುಕಿತ್ತು. ಆದರೂ ಊರಿನವರ ಪಾಲಿಗೆ ಅವಳು ಕೊಳಕುಪುಟ್ಟಿಯೇ. ಕೊಳಕುಪುಟ್ಟಿ ಅಂದರೆ ಅವಳ ಅಮ್ಮ ಬರೆದ ಮಕ್ಕಳ ಪುಸ್ತಕಗಳ ನಾಯಕಿ: ಹಲ್ಲುಜ್ಜು ಅಂದರೆ ಮಂಚದಡಿ ಸೇರುವವಳು, ಸಕ್ಕರೆ ಡಬ್ಬಿಗೆ ಕೈಹಾಕಿ ಬೆಕ್ಕಿನ ಮೇಲೆ ಹೇಳುವವಳು, ಹಾಸಿಗೆ ಒದ್ದೆ ಮಾಡಿ ಸೂರು ಸೋರಿತು ಅನ್ನುವವಳು. ಪುಸ್ತಕ ಅಂಗಡಿಗೆ ಬಂದದ್ದೇ ತಡ, ಖಾಲಿ. "ಎಲ್ಲಾ ನನ್ನ ಮಗಳನ್ನ ನೋಡ್ಕೊಂಡೇ ಬರೆದಿದ್ದು" ಎಂದು ಅಮ್ಮ ಸಿಕ್ಕಸಿಕ್ಕ ವೇದಿಕೆಯಲ್ಲಿ ಹೇಳಿದಳು. ಮಗಳ ಮಾನ ಬೀದಿಗೆ ಬಂದಷ್ಟೂ ಅಮ್ಮನ ಕೀರ್ತಿ ಅಟ್ಟಕ್ಕೇರಿತು.

ನೋಡಿಕೊಂಡು ಬರೆದಳೆಂಬುದೇ ಅವಳ ಕಟ್ಟುಕಥೆಗಳಲ್ಲೆಲ್ಲ ದೊಡ್ಡದು. ಬರೆಯುವ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ಒಳಗೆ ಕಾಗದದ ಮೇಲೆ ಪುಟ್ಟಿ ತಟ್ಟೆಲೋಟ ಬಡಿದು ಮನೆ ಮೇಲೆಕೆಳಗೆ ಮಾಡುತ್ತಿದ್ದರೆ, ಹೊರಗೆ ನಿಜವಾದ ಮಗಳೂ ಅವಳ ತಮ್ಮನೂ ತುದಿಗಾಲಲ್ಲಿ ಓಡಾಡುತ್ತಿದ್ದರು. ಸೀನು ಬಂದರೆ ಅಪ್ಪ ಹಿತ್ತಲಿಗೆ ಅಟ್ಟುತ್ತಿದ್ದ. ಮಲಗುವಾಗ ಕಥೆ ಹೇಳುತ್ತಿದ್ದವನೂ ಅಪ್ಪನೇ; ಪಾಪ, ಅವನಿಗೆ ಬರುತ್ತಿದ್ದದ್ದು ಒಂದೇ ಒಂದು.

ಮಗಳು ಹಲ್ಲಿನ ಡಾಕ್ಟರಾದದ್ದು ಹಠಕ್ಕೆ ಬಿದ್ದು. ಏನು ಫಲ? ಡ್ರಿಲ್ ಹಿಡಿದು ಬಗ್ಗಿದರೆ ರೋಗಿಗಳು ಕಿಸಕ್ಕನೆ ನಗುತ್ತಿದ್ದರು: "ಕೊಳಕುಪುಟ್ಟಿ ಕೈಲಿ ಹಲ್ಲು ತೊಳಿಸ್ಕೊಳೋ ಕಾಲ ಬಂತಲ್ಲಪ್ಪಾ!"

ಹೀಗಿರುವಾಗ ಅಮ್ಮನಿಗೆ ಮಕ್ಕಳ ಸಾಹಿತ್ಯದ ದೊಡ್ಡ ಪ್ರಶಸ್ತಿ ಬಂತು. ಸಮಾರಂಭದ ದಿನ ಬೆಳಿಗ್ಗೆ ಅವಳು ಕೆನ್ನೆಗೆ ಕರ್ಚೀಫು ಒತ್ತಿಕೊಂಡು ಕ್ಲಿನಿಕ್ಕಿಗೆ ನುಗ್ಗಿದಳು. ಕೆನ್ನೆ ಬನ್ನಿನ ಹಾಗೆ ಊದಿತ್ತು. ಸರದಿಯಲ್ಲಿದ್ದವರು ಎದ್ದು ದಾರಿ ಬಿಟ್ಟರು. ಅವರೂ ಹಲ್ಲುನೋವಿಗೇ ಬಂದವರೆಂಬುದು ಅಮ್ಮನಿಗೆ ಹೊಳೆಯಲಿಲ್ಲ.

ಮಗಳು ದೀಪ ಬಗ್ಗಿಸಿ ನೋಡಿದಳು. ದವಡೆಹಲ್ಲು ಬುಡದವರೆಗೂ ಹುಳುಕು.

"ಅಮ್ಮ, ರಾತ್ರಿ ಹಲ್ಲುಜ್ಜಲ್ವಾ ನೀನು?"

"ಬರೀತಾ ಬರೀತಾ ನಿದ್ದೆ ಬಂದ್ಬಿಡುತ್ತೆ ಕಣೇ. ಅದೆಲ್ಲ ಯಾರಿಗೆ ನೆನಪಿರುತ್ತೆ?"

"ಯಾವಾಗಿಂದ ಹೀಗೆ?"

"ನೀನು ಹುಟ್ಟೋಕೆ ಮುಂಚಿಂದ್ಲೂ."

ಸಿರಿಂಜ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮಗಳು ಇಂಜೆಕ್ಷನ್ ಕೊಟ್ಟಳು, ಬಾಯಿಗೆ ಹತ್ತಿ ತುರುಕಿದಳು. ಅಮ್ಮ ಸುಮ್ಮನೆ ಮಲಗಿದ್ದು ಜೀವಮಾನದಲ್ಲಿ ಇದೇ ಮೊದಲು. ಇಂಥ ಗಳಿಗೆ ಮತ್ತೆ ಸಿಗುತ್ತದೆಯೇ?

"ಹಲ್ಲುಜ್ಜದೇ ಇದ್ದೋಳು ನೀನು. ಸಕ್ಕರೆ ಕದೀತಿದ್ದೋರು ಅಪ್ಪ. ಹಾಸಿಗೆ ಒದ್ದೆ ಮಾಡ್ತಿದ್ದೋನು ತಮ್ಮ. ಎಲ್ಲಾ ತಂದು ನನ್ನ ತಲೆಗೆ ಕಟ್ಟಿದ್ಯಲ್ಲ! ಸ್ಕೂಲಲ್ಲಿ ನನ್ನ ಪಕ್ಕ ಕೂತೋರೆಲ್ಲ ಮೂಗು ಮುಚ್ಕೋತಿದ್ರು. ಗೊತ್ತಿತ್ತಾ ನಿಂಗೆ?"

"ಆಂ... ಆಂ..."

"ಅಲ್ಲಾಡ್ಬೇಡ. ಇಕ್ಕಳ ಒಳಗಿದೆ."

ಹಲ್ಲು ಈಚೆ ಬಂತು. ಅಮ್ಮನ ಕಣ್ಣಲ್ಲಿ ನೀರು ನಿಂತಿತ್ತು. ಅದನ್ನು ಕಂಡ ಮಗಳು, ಇಷ್ಟು ಅನ್ನಬಾರದಿತ್ತೇನೋ ಎಂದುಕೊಂಡು ಕೈ ಹಿಡಿದು ಎಬ್ಬಿಸಿದಳು. ಅಮ್ಮ ಮರಗಟ್ಟಿದ ತುಟಿಯಲ್ಲೇ ತೊದಲಿದಳು:

"ತಮ್ಮನ್ ವಿಷ್ಯ ಮಾತ್ರ ಹೊರಗೆ ಹೇಳ್ಬೇಡ್ವೇ. ಜಡ್ಜ್ ಅವನು."

ಸಂಜೆ ಸಭಾಂಗಣದ ತುಂಬ ಮಕ್ಕಳು. ಅಮ್ಮನ ಅರ್ಧ ಬಾಯಿ ಊದಿಕೊಂಡು ಮಾತು ಹೊರಡದ ಕಾರಣ ಭಾಷಣ ಓದುವ ಪಾಡು ಮಗಳದಾಯಿತು. "ನನ್ನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಈ ಕಥೆಗಳನ್ನು ಬರೆದೆ" ಎಂಬ ಸಾಲಿಗೆ ಬಂದಾಗ ಅವಳು ಓದು ನಿಲ್ಲಿಸಿದಳು. ಅಷ್ಟರಲ್ಲಿ ಮುಂದಿನ ಕುರ್ಚಿಯೊಂದರಿಂದ ಒಬ್ಬ ಹುಡುಗಿ ಕೂಗಿದಳು: "ಆಂಟೀ, ಈಗಾದ್ರೂ ಹಲ್ಲುಜ್ತೀರಾ?"

ಸಭೆ ಹೋ ಎಂದಿತು. ಮಗಳು ಕಾಗದ ಮಡಿಚಿಟ್ಟಳು.

"ನಾನು ಯಾವಾಗ್ಲೂ ಉಜ್ತಿದ್ದೆ ಕಣಮ್ಮ. ಉಜ್ಜದೇ ಇದ್ದೋರು ಇವ್ರು. ಬೆಳಿಗ್ಗೆ ತಾನೇ ನಾನೇ ಒಂದು ಹಲ್ಲು ಕಿತ್ತಿದೀನಿ."

ಮರುಕ್ಷಣ ಮಕ್ಕಳು ಕುರ್ಚಿ ಹತ್ತಿ ಕುಣಿದರು: "ತೋರ್ಸಿ ಅಜ್ಜೀ, ತೋರ್ಸಿ!" ಮಗಳು ಅಮ್ಮನ ಮುಖ ನೋಡಿದಳು. ಈಗ ಭೂಮಿ ಬಾಯಿಬಿಟ್ಟರೆ ಸಾಕೆಂದು ಕೂತಿರಬಹುದು ಎಂದು ಅವಳ ಎಣಿಕೆ. ಬಾಯಿ ಬಿಟ್ಟದ್ದು ಅಮ್ಮನೇ! ವೇದಿಕೆಯ ಅಂಚಿಗೆ ಬಂದು, ಹಾರದ ಭಾರಕ್ಕೆ ಬಗ್ಗಿ, ಬೆರಳಿನಿಂದ ಕೆನ್ನೆ ಎಳೆದು ಖಾಲಿ ಜಾಗ ತೋರಿಸಿದಳು. ಅಂಥ ಚಪ್ಪಾಳೆ ಆ ಸಭಾಂಗಣ ಕಂಡಿರಲಿಲ್ಲ. ಮಗಳು ಹೊಡೆದ ಕಲ್ಲೂ ಹೂವಾಗಿ ಅಮ್ಮನ ಕೊರಳಿಗೇ ಬಿತ್ತು. ಮಾರನೆಯ ದಿನ ಪತ್ರಿಕೆಗಳು "ಮಕ್ಕಳೊಂದಿಗೆ ಮಗುವಾದ ಲೇಖಕಿ" ಎಂದು ಬರೆದವು.

ಹಲ್ಲು ಕಿತ್ತ ಜಾಗ ತೋರಿಸಲು ಅಮ್ಮ ಮತ್ತೆ ಬಂದಾಗ ಖುಷಿಯಲ್ಲಿ ತೇಲುತ್ತಿದ್ದಳು.

"ಪ್ರಕಾಶಕರಿಗೆ ಈಗ ಅಜ್ಜಿ ಮೊಮ್ಮಗಳ ಕಥೆ ಬೇಕಂತೆ. ರಜಕ್ಕೆ ನಿನ್ನ ಮಗಳನ್ನ ನಮ್ಮನೇಗೆ ಕಳಿಸೇ."

"ಬರಿಯೋಕಾದ್ರೆ ಕಳಿಸಲ್ಲ. ಆಟ ಆಡ್ಸೋಕಾದ್ರೆ ಎಷ್ಟು ದಿನ ಬೇಕಾದ್ರೂ ಇಟ್ಕೋ. ಅವಳ ಮೇಲೆ ಒಂದಕ್ಷರ ಬೀಳ್ಬಾರ್ದು."

ಅಮ್ಮ ಕುರ್ಚಿಯಲ್ಲಿ ಒರಗಿ, ಮೇಲಿನ ದೀಪ ನೋಡುತ್ತ ಬಹಳ ಹೊತ್ತು ಯೋಚಿಸಿದಳು. ಕಷ್ಟದ ಲೆಕ್ಕ ಸಿಕ್ಕ ಮಕ್ಕಳ ಮುಖ ಹಾಗಿರುತ್ತದೆ.

"ಆಟ ಅಂದ್ರೆ... ದಿನಕ್ಕೆ ಎಷ್ಟು ಹೊತ್ತು ಆಡಿಸ್ಬೇಕು?"

ಡಾಕ್ಟರಮ್ಮ ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಮುಂದಿನ ರೋಗಿಯನ್ನು ಕರೆದಳು. ಆ ರಜದಲ್ಲಿ ಮಗು ಅಜ್ಜಿಯ ಮನೆಗೆ ಹೋಗಲಿಲ್ಲ. ಅಜ್ಜಿಯೂ ಇನ್ನೊಂದು ಸಲ ಕೇಳಲಿಲ್ಲ.