ಧಣಿಯ ಹಾಸಿಗೆಗೆ ಮಣ್ಣು

"ಕಾಲು ತೆಗಿಯೇ, ಮುಂಡೇದೆ! ಧಣಿಗಳು ಮಲಗೋ ಮಣ್ಣು ಕಣೇ ಅದು. ನಿಮ್ಮಪ್ಪನ ಮನೆ ತಿಪ್ಪೆ ಅಂದ್ಕೊಂಡ್ಯಾ?"

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲ ಮೇಲಿಂದಲೇ ಮ್ಯಾನೇಜರು ಕೂಗಿದ. ನೆಲಮಾಳಿಗೆಗೆ ಇಳಿಯುವ ಪೈಕಿ ಅವನಲ್ಲ. ಧೂಳು ಹಿಡಿದರೆ ಶರಟಿನ ಗತಿ? ಗಟ್ಟಿಬಾಯಿ ಕಾಲು ಎಳೆದುಕೊಂಡು ಬುಟ್ಟಿ ತುಂಬಿದಳು.

ಗಟ್ಟಿಬಾಯಿ ಅನ್ನುವುದು ತೋಟದ ಕೂಲಿ ಲೈನುಮನೆಗಳವರು ಇಟ್ಟ ಹೆಸರು. ಹೋದ ಮಳೆಗಾಲದಲ್ಲಿ ಇದೇ ಬಂಗಲೆಯ ಗೇಟು ಹಿಡಿದು ಅಲ್ಲಾಡಿಸುತ್ತ, "ನನ್ ಕೂಸು ಕೊಡೋ, ರಕ್ತ ಕುಡಿಯೋ ಹಡಬೆ!" ಎಂದು ಗಂಟಲು ಹರಿಯುವ ತನಕ ಅರಚಿದ್ದಳು. ಧಣಿ ಹಗಲು ಹೊರಗೆ ಬರುವವನಲ್ಲ, ಬಿಸಿಲು ತಾಕಿದರೆ ಸುಟ್ಟುಹೋಗುವ ಮೈ. ಕತ್ತಲಾದ ಮೇಲೆ ಎದ್ದು ಲೈನಿನ ಯಾರದೋ ಕುತ್ತಿಗೆಗೆ ಬಾಯಿ ಹಾಕುತ್ತಾನೆಂಬುದು ಪೊಲೀಸರಿಗೂ ಗೊತ್ತಿತ್ತು. ಗೊತ್ತಿಲ್ಲದಂತೆ ಇರಲು ಬಂಗಲೆಯಿಂದ ವ್ಯವಸ್ಥೆಯೂ ಇತ್ತು. ಅವತ್ತು ಗೇಟಿಗೆ ಬಂದವನು ಈ ಮ್ಯಾನೇಜರೇ. "ಒಂದು ಹೋದ್ರೆ ಇನ್ನೊಂದು ಹೆರು, ನಿಮಗೇನು ಮಹಾ ಕಷ್ಟ?" ಎಂದವನೇ ನಾಯಿ ಬಿಟ್ಟಿದ್ದ. ಕೂಸನ್ನು ಹಿತ್ತಲ ಗುಂಡಿಗೆ ಎಸೆದು ಮಣ್ಣೆಳೆದರು. ಬಿಳಿಚಿಕೊಂಡು ಸತ್ತವರೆಲ್ಲ ಅಲ್ಲೇ, ಒಬ್ಬರ ಮೇಲೊಬ್ಬರು.

ಈಗ ಧಣಿ ದೊಡ್ಡ ನಗರಕ್ಕೆ ಹೊರಟಿದ್ದ. ಲೈನಿನಲ್ಲಿ ಹೀರುವಷ್ಟು ರಕ್ತ ಇನ್ನು ಯಾರಲ್ಲಿತ್ತು? ಆದರೆ ತನ್ನ ನೆಲಮಾಳಿಗೆಯ ಮಣ್ಣಿನ ಮೇಲೆ ಮಲಗಿದರಷ್ಟೇ ಅವನಿಗೆ ಉಳಿವು. ಬೇರೆ ಮಣ್ಣಾದರೆ ಮಲಗಿದಲ್ಲೇ ಕೊಳೆಯುತ್ತಾನೆ. ಅದಕ್ಕೇ ಆ ಮಣ್ಣು ತುಂಬಿಸಿ ಒಯ್ಯಲು ಈ ಪೆಟ್ಟಿಗೆಗಳು. ಬೆನ್ನಿಗೆ ಕಲ್ಲು ಒತ್ತಬಾರದೆಂದು ಮಣ್ಣನ್ನು ಹಿತ್ತಲಿಗೆ ಹೊತ್ತು, ಜರಡಿ ಹಿಡಿದು ತುಂಬಬೇಕಿತ್ತು.

ಹಿತ್ತಲಲ್ಲಿ ನಾದಿನಿ ಜರಡಿ ಆಡಿಸುತ್ತಿದ್ದಳು.

"ಇನ್ನೂ ನುಣ್ಣಗೆ ಮಾಡ್ಲಾ ಅತ್ತಿಗೆ?"

"ಮಾಡು. ನುಣ್ಣಗಾದ್ರೆ ಚರಂಡೀಲಿ ಸಲೀಸಾಗಿ ಹೋಗತ್ತೆ."

ನಾದಿನಿಯ ಕೈ ನಿಂತಿತು. "ಮತ್ತೆ ಪೆಟ್ಟಿಗೆಗೆ?"

ಗಟ್ಟಿಬಾಯಿ ಗುದ್ದಲಿ ಎತ್ತಿಕೊಂಡು ಗುಂಡಿಯ ಕಡೆ ತಿರುಗಿದಳು. "ಅದೂ ಕಪ್ಪು, ಇದೂ ಕಪ್ಪು. ಮಣ್ಣು ಮುಟ್ಟಿ ನೋಡೋ ಪೈಕಿನಾ ಆ ಮ್ಯಾನೇಜರು?"

"ಗೊತ್ತಾದ್ರೆ ಕೊಂದ್ಹಾಕ್ತಾರೆ."

"ಗೊತ್ತಾಗ್ದೇ ಇದ್ರೆ ಮುದ್ದು ಮಾಡ್ತಾರಾ?"

ಮಲಗಿದ ಕೂಸಿನ ಹೊದಿಕೆ ಸರಿಸುವವಳ ಹಾಗೆ ಮೆಲ್ಲಗೆ ಅಗೆದಳು. ಪೆಟ್ಟಿಗೆಗಳೆಲ್ಲ ಗುಂಡಿಯ ಮಣ್ಣಿನಿಂದಲೇ ತುಂಬಿದವು. ಮೇಲೆ ರೇಷ್ಮೆ ಹಾಸಿದ ಮ್ಯಾನೇಜರು ಕೈಯಲ್ಲಿ ಸವರಿ, "ಹ್ಞೂಂ, ಮೆತ್ತಗಿದೆ" ಎಂದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಧಣಿ ಒಂದು ಪೆಟ್ಟಿಗೆಯಲ್ಲಿ ಮಲಗಿದ. ಮುಚ್ಚಳಕ್ಕೆ ಮೊಳೆ ಬಿತ್ತು. ಹೊತ್ತೇರಿದ ಮೇಲೆ ಹಮಾಲರು ಅದನ್ನು ಸುಡುವ ಬಿಸಿಲಲ್ಲಿ ಹೊತ್ತು ತಂದು ಲಾರಿಯ ಹಿಂದೆ ಇಳಿಸಿದ್ದೇ ತಡ, ಒಳಗಿನಿಂದ ಧಣಿ ಬಡಿಯತೊಡಗಿದ.

ಮ್ಯಾನೇಜರು ಓಡಿ ಬಂದ. "ಏನ್ ತುಂಬಿದ್ದೀರೇ ಇದ್ರಲ್ಲಿ, ಹಾದರಗಿತ್ತೀರಾ?"

"ಮಣ್ಣು," ಎಂದಳು ಗಟ್ಟಿಬಾಯಿ.

"ಯಾವ ಮಣ್ಣು?"

"ಗುಂಡೀದು. ನನ್ ಕೂಸಿರೋದು. ನಮ್ಮೋರೆಲ್ಲ ಇರೋದು."

ಅವನ ಕೈ ಮುಚ್ಚಳದವರೆಗೆ ಹೋಗಿ ಹಿಂದೆ ಬಂತು. ತೆಗೆದರೆ ಬಿಸಿಲು, ತೆಗೆಯದಿದ್ದರೆ ಮಣ್ಣು. "ಎತ್ರೋ! ನೆಲಮಾಳಿಗೆಗೆ ಎತ್ಕೊಂಡು ನಡೀರೋ!"

ಹಮಾಲರಲ್ಲಿ ಹಿರಿಯನು ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡ. ಉಳಿದವರು ಅವನನ್ನೇ ನೋಡಿದರು. ಯಾರೂ ಬಗ್ಗಲಿಲ್ಲ. ಮ್ಯಾನೇಜರು ತಾನೇ ಒಂದು ಮೂಲೆ ಹಿಡಿದು ಮುಕ್ಕರಿದ; ಪೆಟ್ಟಿಗೆ ಮಿಸುಕಲಿಲ್ಲ.

ಗಟ್ಟಿಬಾಯಿ ಹೋಗಿ ಮುಚ್ಚಳದ ಮೇಲೆ ಕೂತಳು. ತೊಡೆಯ ಕೆಳಗೆ ಹಲಗೆ ಅದುರುತ್ತಿತ್ತು.

"ಚೂರು ಸರಿ ಅತ್ತಿಗೆ," ಎಂದಳು ನಾದಿನಿ. "ನಂಗೂ ಜಾಗ ಬಿಡು."

ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹಾಕಿದ. "ಏನಮ್ಮಾ, ಹೊರಡೋದಾ ಇಲ್ವಾ?"

"ಇರಣ್ಣ," ಎಂದಳು ಗಟ್ಟಿಬಾಯಿ. "ಇನ್ನೂ ಒದ್ದಾಡ್ತಿದಾನೆ."

ಡ್ರೈವರು ಅವಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಕೈ ಚಾಚಿ ಇಂಜಿನ್ನು ಆರಿಸಿದ.