ತಪ್ಪು ತಾರೀಕಿನ ಆಟ

ಮೇಳದ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ಮ್ಯಾನೇಜರ್ ಪ್ರವೀಣಣ್ಣನ ಫೋನ್ ಬರುತ್ತದೆ, ಆ ಮನುಷ್ಯನ ಭಾಷಣ ಕೇಳುವ ತಾಳ್ಮೆ ನನಗಿಲ್ಲ. ಕುಂದಾಪುರದ ಆಸುಪಾಸಿನ ಒಂದು ಯಕ್ಷಗಾನ ಮೇಳ ಅಂತ ಇಟ್ಟುಕೊಳ್ಳಿ. ನವೆಂಬರಿನಿಂದ ಮೇ ತನಕ ದಿನಕ್ಕೊಂದು ಹರಕೆ ಆಟ. ಹರಕೆ ಹೊತ್ತವರು ಮುಂಗಡ ಕೊಟ್ಟು ತಾರೀಕು ಹಿಡಿಯಬೇಕು. 2047ರ ತನಕ ಎಲ್ಲ ತಾರೀಕೂ ಭರ್ತಿ. ಜನರಿಗೆ ಕಷ್ಟ ಅಷ್ಟಿದೆ.

ನನ್ನ ಕೆಲಸ ಮೇಳದ ವೆಬ್‌ಸೈಟಿಗೂ ಅವರ ಲೆಕ್ಕದ ಸಾಫ್ಟ್‌ವೇರಿಗೂ ಗಂಟು ಹಾಕುವುದು. ಇಲ್ಲಿ ಬರೆದದ್ದು ಅಲ್ಲಿ ಕಾಣಬೇಕು, ಅಲ್ಲಿ ಕಟ್ಟಿದ ಹಣ ಇಲ್ಲಿ ಜಮೆಯಾಗಬೇಕು. ಆಟಕ್ಕೆ ವಾರವಿರುವಾಗ ಆಡಿಸುವವರಿಗೆ ಮೆಸೇಜು ಹೋಗಬೇಕು, ಬಾಕಿ ಕಟ್ಟಿದ ಕೂಡಲೇ ದೇವಿಯ ಚಿತ್ರವಿರುವ ರಶೀದಿ ಹೋಗಬೇಕು. ಬ್ರಹ್ಮಾವರದಿಂದ ಎರಡು ತಿಂಗಳು ಬಸ್ಸಿನಲ್ಲಿ ನಿಂತು ಓಡಾಡಿ ಮಾಡಿ ಮುಗಿಸಿದೆ. ಜನವರಿ ಹದಿನೇಳರ ಶನಿವಾರ ಚಾಲೂ ಮಾಡಿದೆವು. ಪ್ರವೀಣಣ್ಣ ಕಂಪ್ಯೂಟರಿಗೆ ಊದುಬತ್ತಿ ತೋರಿಸಿದರು.

ಇಪ್ಪತ್ನಾಲ್ಕನೇ ತಾರೀಕಿನ ಆಟಕ್ಕೆ ಒಂದು ಮೆಸೇಜು ಹೋಗಬೇಕಿತ್ತು. ಇಪ್ಪತ್ತೆರಡು ಹೋದವು.

ಲೆಕ್ಕ ಬರೆಯುವ ಸುಗುಣಕ್ಕ ಹಳೆಯ ಪುಸ್ತಕಗಳನ್ನೆಲ್ಲ ಈ ವರ್ಷವೇ ಕಂಪ್ಯೂಟರಿಗೆ ಏರಿಸಿದವರು. “ಎಂತ ಮಾಡೂದ್ ಮಾರಾಯ್ತಿ? ಈ ಲೆಕ್ಕದ್ ವರ್ಷದ್ ಮಾರ್ಚ್ ದಾಟಿದ್ ತಾರೀಕ್ ಸಾಫ್ಟ್‌ವೇರ್ ತಕಂತಿಲ್ಲೆ, ಕೆಂಪ್ ಅಕ್ಷರದಗ್ ಬೈತ್ತ್. ಅದ್ಕೆ ಎಲ್ಲದ್ಕೂ ಈ ವರ್ಷವೇ ಹಾಕಿ, ಸಮಾ ವರ್ಷ ಷರಾದಗ್ ಬರ್ದಿದೆ” ಎಂದರು.

ಹೀಗೆ 2047ರ ತನಕದ ಇಪ್ಪತ್ತೆರಡು ಜನವರಿ ಇಪ್ಪತ್ನಾಲ್ಕರ ಆಟಗಳೂ ಈ ವರ್ಷಕ್ಕೇ ಬಂದು ಕೂತಿದ್ದವು. ಷರಾ ಓದಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು, ಮುಕ್ಕಾಲು ಪಾಲು ನನ್ನ ಮೇಲೆಯೇ. ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಆದರೆ ಹೋದ ಮೆಸೇಜು ಹೋಗಿತ್ತು.

ಇಪ್ಪತ್ತೆರಡರಲ್ಲಿ ಸರಿಯಾದದ್ದು ಹೆಮ್ಮಾಡಿಯ ಗುಣಪಾಲರದ್ದು ಮಾತ್ರ. ಉಳಿದವರಲ್ಲಿ ಇಪ್ಪತ್ತು ಜನ ಫೋನ್ ಮಾಡಿ ಉಗಿದರು. ಬೈಂದೂರಿನ ಒಬ್ಬರು, “ಹ್ವಾಯ್, ಮಗಳ್ ಮದಿಗ್ ಹರ್ಕಿ ಹೊತ್ತದ್. ಮದಿಯೇ ಆಯ್ಲಿಲ್ಲ, ಆಟ ಎಂತಕ್ಕೆ?” ಎಂದು ಕೇಳಿದರು. ಮಗಳ ಮದುವೆಯ ತಾರೀಕು ನನ್ನ ಸಾಫ್ಟ್‌ವೇರಿನಲ್ಲಿ ಇರಲಿಲ್ಲ.

ವಂಡ್ಸೆಯ ಚೆನ್ನಯ್ಯ ಶೆಟ್ಟರು ಮಾತ್ರ ಫೋನ್ ಮಾಡಲೂ ಇಲ್ಲ, ನಾವು ಮಾಡಿದರೆ ಎತ್ತಲೂ ಇಲ್ಲ. ಬುಧವಾರ ನನ್ನ ಪರದೆಯ ಮೇಲೆ ಹಸಿರು ಗುರುತು ಬಿತ್ತು. ಪೂರ್ತಿ ಬಾಕಿ ಪಾವತಿ, ಲೆಕ್ಕಕ್ಕೆ ಜಮೆ, ರಶೀದಿ ರವಾನೆ. ನಾನು ಹಾಕಿದ ಗಂಟಿನ ಮೂಲಕ ಬಂದ ಮೊದಲ ಹಣ! ಅರ್ಧ ನಿಮಿಷ ಖುಷಿಪಟ್ಟೆ. ಆಮೇಲೆ ಹೆಸರು ನೋಡಿದೆ. ಚೆನ್ನಯ್ಯ ಶೆಟ್ಟಿ, ವಂಡ್ಸೆ. ಷರಾದಲ್ಲಿ 2043.

“ರಶೀದಿ ಕ್ಯಾನ್ಸಲ್ ಮಾಡಿ ದುಡ್ಡ್ ವಾಪಾಸ್ ಹಾಕಿ” ಎಂದರು ಪ್ರವೀಣಣ್ಣ.

ಸುಗುಣಕ್ಕ ಕೀಬೋರ್ಡಿನಿಂದ ಕೈ ತೆಗೆದರು. “ಅಮ್ಮನ ಹೆಸ್ರಿನ್ ರಶೀದಿ ಇಪ್ಪತ್ತಾರ್ ವರ್ಷದಗ್ ನಾನ್ ಒಂದೂ ಹರಿಲಿಲ್ಲ. ಬೇಕಾರೆ ನೀವೇ ಒತ್ತಿ.”

ಪ್ರವೀಣಣ್ಣ ಆ ಬಟನ್ನನ್ನು ಸ್ವಲ್ಪ ಹೊತ್ತು ನೋಡಿ ಚಾ ಕುಡಿಯಲು ಹೋದರು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಶೆಟ್ಟರಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು.

ಗುರುವಾರ ವಂಡ್ಸೆಗೆ ಹೋದೆ. ಅಂಗಳದಲ್ಲಿ ಶಾಮಿಯಾನದ ಕಂಬಗಳು ಬಂದಿಳಿದಿದ್ದವು. ಶೆಟ್ಟರಿಗೆ ಎಂಬತ್ತೊಂದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವರ ಹೆಂಡತಿ ಗುಲಾಬಿಯಮ್ಮ ಬೆಲ್ಲ ನೀರು ತಂದಿಟ್ಟು, “ಆಟದೋರ್ ಎಷ್ಟ್ ಜನ ಊಟಕ್ಕ್ ಬತ್ರ್?” ಎಂದು ಕೇಳಿದರು. ನಲವತ್ತು ಎಂದುಬಿಟ್ಟೆ. ನನ್ನ ನಾಲಿಗೆಗೆ ಬುದ್ಧಿ ಇಲ್ಲ. ಅವರು ಒಳಗೆ ಹೋದ ಮೇಲೆ ಶೆಟ್ಟರ ಕಡೆ ತಿರುಗಿದೆ.

“ಶೆಟ್ರೆ, ಆ ಮೆಸೇಜ್ ತಪ್ಪ್. ನಿಮ್ ಆಟ 2043ಕ್ಕೆ.”

“ಗೊತ್ತಿತ್ತ್.”

“ಗೊತ್ತಿದ್ದೂ ದುಡ್ಡ್ ಕಟ್ಟಿದ್ರ್ಯಾ?”

“ಸರಿ ಮೆಸೇಜ್ ಬಪ್ಪ ಹೊತ್ತಿಗೆ ನಾನ್ ಇರ್ತಿಲ್ಲೆ ಮಗಾ.”

ಒಳಗೆ ಕೇಳದಂತೆ ದನಿ ತಗ್ಗಿಸಿದರು. ಹದಿಮೂರು ವರ್ಷದ ಹಿಂದೆ ಗುಲಾಬಿಯಮ್ಮನನ್ನು ಆಸ್ಪತ್ರೆಯವರು ಕೈಬಿಟ್ಟಿದ್ದರಂತೆ. ಉಳಿಸಿಕೊಟ್ಟರೆ ಆಟ ಆಡಿಸುತ್ತೇನೆ ಎಂದು ಇವರು ದೇವಿಗೆ ಹೇಳಿಕೊಂಡರು. ಆಕೆ ನಡೆದುಕೊಂಡು ಮನೆಗೆ ಬಂದರು. “ಅಮ್ಮ ಕೂಡ್ಲೇ ಕೊಟ್ಳ್. ನಾನ್ ಇನ್ನೂ ಕೊಡ್ಲಿಲ್ಲ. ಸಾಯುಕೆ ಹೆದ್ರಿಕಿ ಇಲ್ಲೆ. ಹರ್ಕಿ ಬಾಕಿ ಇಟ್ಕಂಡ್ ಹೋಪುಕೆ ಹೆದ್ರಿಕಿ.”

ನನಗೆ ಅಳು ಬಂತು. ಅಳುವುದು ನನಗೆ ಆಗದ ಕೆಲಸ, ಹಾಗಾಗಿ ಅಲ್ಲೇ ಅಂಗಳದಿಂದ ಪ್ರವೀಣಣ್ಣನಿಗೆ ಫೋನ್ ಮಾಡಿ ಕೂಗಾಡಿದೆ. ಹೆಮ್ಮಾಡಿಯ ಆಟ ಕಾಲಮಿತಿಯದ್ದು, ಹನ್ನೆರಡಕ್ಕೆ ಮುಗಿಯುತ್ತದೆ. ಅಲ್ಲಿಂದ ವಂಡ್ಸೆಗೆ ಅರ್ಧ ಗಂಟೆ. ಬೆಳಗಿನ ತನಕ ಇಲ್ಲಿ ಇನ್ನೊಂದು ಆಟ ಯಾಕಾಗಬಾರದು?

“ಕಲಾವಿದ್ರ್ ಎಂತ ಯಂತ್ರವಾ?”

“ನನ್ ಬಿಲ್ಲಗೆ ಅರ್ಧ ಅವ್ರಿಗ್ ಕೊಡಿ.”

 ಆಮೇಲೆ ಮೇಳದ ಭಾಗವತರ ದನಿ ಕೇಳಿತು. ಪ್ರವೀಣಣ್ಣ ಫೋನನ್ನು ಅವರ ಕೈಗೇ ಕೊಟ್ಟಿದ್ದರು. “ಬೆಳ್ಗಿನ್ ತನ್ಕ ಪದ ಹೇಳ್ದೆ ಸುಮಾರ್ ವರ್ಷ ಆಯ್ತ್. ಹೋಪ.”

ಶನಿವಾರ ರಾತ್ರಿ ಒಂದು ಗಂಟೆಗೆ ವಂಡ್ಸೆಯಲ್ಲಿ ಚೆಂಡೆ ಬಿತ್ತು. ಶೆಟ್ಟರು ಜರಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದರು. ವೇಷ ಕಟ್ಟುವ ಚೌಕಿಯಲ್ಲಿ ಪೂಜೆ ಮುಗಿಸಿ ಪ್ರಸಾದ ತೆಗೆದುಕೊಂಡಾಗಲೇ ಅವರ ಮುಖ ಸಡಿಲವಾಗಿತ್ತು. ಮೊದಲ ವೇಷ ಬರುವ ಮುಂಚೆ ಗೊರಕೆ ಶುರುವಾಯಿತು. ಬೆಳಗಿನ ಜಾವ ಮಹಿಷಾಸುರ ದೊಂದಿ ಹಿಡಿಸಿಕೊಂಡು ಬೊಬ್ಬೆ ಹೊಡೆಯುತ್ತಾ ಅವರ ಪಕ್ಕದಲ್ಲೇ ಹಾದುಹೋದ. ಊರೆಲ್ಲ ಎದ್ದು ನಿಂತಿತು. ಶೆಟ್ಟರು ಅಲ್ಲಾಡಲಿಲ್ಲ, ಗೊರಕೆಯೂ ನಿಲ್ಲಲಿಲ್ಲ.

ಅರ್ಧ ಬಿಲ್ಲು ಕಳೆದುಕೊಂಡವಳು ನಾನು. ಸ್ವಲ್ಪವಾದರೂ ನೋಡಲಿ ಎಂದು ಅವರ ಭುಜಕ್ಕೆ ಕೈ ಹಾಕಲು ಹೋದೆ. ಗುಲಾಬಿಯಮ್ಮ ನನ್ನ ಕೈ ಹಿಡಿದುಕೊಂಡರು.

“ಎಬ್ಬಸ್ಬೇಡ ಮಗಾ. ನಾನ್ ಆಸ್ಪತ್ರೆಂದ ಬಂದಲ್ಲಿಂದ ಅವ್ರ್ ಸಮಾ ಒರ್ಗದ್ ಇವತ್ತೇ.”